ಎಡಗೈಗೆ ನಾರ್ವೆ, ಬಲಗೈಗೆ ಭಾವನಗರ

ರಸೀಲಾಬೆನ್ ದೋಶಿ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ಅವರ ಕಂಕುಳಲ್ಲಿ ಒಂದು ಭೂಗೋಳವಿತ್ತು. ಶಾಲೆಗಳಲ್ಲಿರುತ್ತದಲ್ಲ, ಕಬ್ಬಿಣದ ಕಾಲಿನ ಮೇಲೆ ಓರೆಯಾಗಿ ತಿರುಗುವಂಥದು. ಇಪ್ಪತ್ತೆರಡು ವರ್ಷದಿಂದ ಭಾವನಗರದಲ್ಲಿ ವಿಮಾನದ ಟಿಕೆಟ್ ಮಾಡಿಕೊಡುತ್ತಿದ್ದೇನೆ. ಭೂಮಿಯನ್ನೇ ಹೊತ್ತುಕೊಂಡು ಬಂದ ಗಿರಾಕಿಯನ್ನು ನೋಡಿದ್ದು ಅದೇ ಮೊದಲು.

"ನೌತಮ್, ನಾನು ಹ್ಯಾಮರ್‌ಫೆಸ್ಟ್‌ಗೆ ಹೋಗಬೇಕು. ಜೂನ್‌ನಲ್ಲಿ. ಒಬ್ಬಳೇ."

"ಅದೆಲ್ಲಿದೆ ಬೆನ್?"

"ನಿನ್ನ ಹೆಂಡ್ತೀನ ಕೇಳು. ಎಂಟನೇ ಕ್ಲಾಸಿನಲ್ಲಿ ಅವಳಿಗೆ ಎರಡು ಸಲ ಹೇಳಿಕೊಟ್ಟಿದ್ದೀನಿ."

ಗೋಳವನ್ನು ಮೇಜಿನ ಮೇಲಿಟ್ಟು ನಾರ್ವೆ ದೇಶದ ನೆತ್ತಿಯ ಮೇಲೆ ಬೆರಳಿಟ್ಟರು. ಅಲ್ಲಿ ಬಣ್ಣ ಸವೆದು ಬಿಳಿಯಾಗಿತ್ತು. ಅದು ಅವರದೇ ಬೆರಳು ಮೂವತ್ತಮೂರು ವರ್ಷ ಮಾಡಿದ ಕೆಲಸ.

ನಮ್ಮೂರಿನವರು ವಿದೇಶಕ್ಕೆ ಹೋಗುವ ರೀತಿ ಬೇರೆ. ನಲವತ್ತು ಜನರ ಗುಂಪು, ಜೊತೆಗೆ ಅಡುಗೆಯ ಮಹಾರಾಜ, ಅವನ ದೊಡ್ಡ ಕುಕ್ಕರು. ಸ್ವಿಟ್ಜರ್ಲೆಂಡಿನ ಹಿಮದೆದುರು ನಿಂತು ಪೂರಿ ಶ್ರೀಖಂಡ ತಿಂದು, ಶ್ರೀಖಂಡಕ್ಕೆ ಏಲಕ್ಕಿ ಸಾಲದು ಎಂದು ಜಗಳವಾಡಿ ಮರಳುತ್ತಾರೆ. ನನ್ನ ಹೊಟ್ಟೆ ತುಂಬುವುದು ಅವರಿಂದಲೇ, ಆಡಿಕೊಳ್ಳಬಾರದು. ಅಂಥದೇ ಒಂದು ಗುಂಪಿನ ಚೀಟಿಯನ್ನು ರಸೀಲಾಬೆನ್ ಮುಂದೆ ಸರಿಸಿದೆ. ಅವರು ಅದನ್ನು ಮಡಚಿ ಗೋಳದ ಅಲ್ಲಾಡುವ ಕಾಲಿನ ಕೆಳಗೆ ಒತ್ತುಕೊಟ್ಟರು.

ಅವರ ಬದುಕು ಊರಿಗೆಲ್ಲ ಗೊತ್ತಿರುವುದೇ. ಮಹುವಾದಲ್ಲಿ ಹುಟ್ಟಿದರು, ಇಪ್ಪತ್ತಕ್ಕೆ ಮದುವೆಯಾಗಿ ಇಲ್ಲಿಗೆ ಬಂದರು, ಮೂವತ್ತಕ್ಕೆ ಗಂಡನನ್ನು ಕಳೆದುಕೊಂಡರು. ಮಕ್ಕಳಿಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸಿದರು. ನಿವೃತ್ತಿಯಾದ ಮೇಲೆ ಅತ್ತೆಯ ಆರೈಕೆ. ಆ ಮುದುಕಿ ತೀರಿಕೊಂಡದ್ದು ಹೋದ ವರ್ಷ. ರಸೀಲಾಬೆನ್ ಹತ್ತೊಂಬತ್ತನೇ ವಯಸ್ಸಿನಲ್ಲಿ ಜೈನ ಗುರುಗಳೆದುರು ಚೌವಿಹಾರದ ನಿಯಮ ತೆಗೆದುಕೊಂಡವರು. ಸೂರ್ಯ ಮುಳುಗಿದರೆ ಮರುದಿನ ಹುಟ್ಟುವವರೆಗೆ ಅನ್ನವೂ ಇಲ್ಲ, ಒಂದು ಹನಿ ನೀರೂ ಇಲ್ಲ. ವಿಷಮಶೀತ ಜ್ವರ ಬಂದು ನಾಲಗೆ ಒಣಗಿ ಹೋಗಿದ್ದಾಗಲೂ ಆ ನಿಯಮ ಮುರಿಯಲಿಲ್ಲ. ನಲವತ್ತೊಂಬತ್ತು ವರ್ಷ.

ಒಮ್ಮೆ ಎಂಟನೇ ತರಗತಿಯಲ್ಲಿ ಮಧ್ಯರಾತ್ರಿಯ ಸೂರ್ಯನ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಬೆನ್, ಆ ಊರಲ್ಲಿ ನೀವಿದ್ರೆ ಚೌವಿಹಾರಕ್ಕೆ ಕೂರೋದು ಎಷ್ಟು ಹೊತ್ತಿಗೆ?" ಎಂದು ಕೇಳಿದಳಂತೆ. ಇಡೀ ತರಗತಿ ನಕ್ಕಿತು. ರಸೀಲಾಬೆನ್ ನಗಲಿಲ್ಲ. "ಗೊತ್ತಿಲ್ಲ. ಹೋಗಿ ನೋಡಿ ಬಂದು ಹೇಳ್ತೀನಿ" ಎಂದರು. ಆ ತಲೆಹರಟೆ ಹುಡುಗಿ ದಕ್ಷಾ, ಈಗ ನನ್ನ ಹೆಂಡತಿ. ಅವಳು ಆ ಪ್ರಶ್ನೆಯನ್ನು ಎಂದೋ ಮರೆತಿದ್ದಳು. ಕೇಳಿಸಿಕೊಂಡವರು ಮರೆತಿರಲಿಲ್ಲ.

ನಾನು ಕಂಪ್ಯೂಟರಿನಲ್ಲಿ ಮೊದಲ ದಾರಿ ತೆಗೆದೆ. ಅಹಮದಾಬಾದಿನಿಂದ ದುಬೈ, ಅಲ್ಲಿಂದ ಸಂಜೆ ಓಸ್ಲೋ, ಆಮೇಲೆ ದೇಶದೊಳಗಿನ ಎರಡು ವಿಮಾನ.

"ಸಂಜೆ ದುಬೈ ಬಿಟ್ಟರೆ ಸೂರ್ಯ ಮುಂದೆ ಓಡ್ತಾನೆ, ನಾವು ಹಿಂದೆ. ಅವನು ನಮ್ಮ ಕೈ ತಪ್ಪಿಸಿಕೊಳ್ಳೋದು ಎಷ್ಟು ಗಂಟೆಗೆ?"

"ನಾನು ಟಿಕೆಟ್ ಮಾರೋನು ಬೆನ್, ಪಂಚಾಂಗ ಬರೆಯೋನಲ್ಲ."

"ಟಾರ್ಚ್ ಇದೆಯಾ?"

ಕಿಟಕಿ ಮುಚ್ಚಿಸಿ, ನನ್ನ ಕೈಗೆ ಟಾರ್ಚ್ ಕೊಟ್ಟು ಸೂರ್ಯನನ್ನಾಗಿ ಮಾಡಿ, ತಾವು ಗೋಳ ತಿರುಗಿಸಿದರು. ಭಾವನಗರ ಕತ್ತಲೆಗೆ ಹೋಯಿತು, ದುಬೈ ಹೋಯಿತು, ಓಸ್ಲೋ ತಡವಾಗಿ ಹೋಯಿತು. ಹ್ಯಾಮರ್‌ಫೆಸ್ಟ್ ಮಾತ್ರ ಸುತ್ತು ಮೇಲೆ ಸುತ್ತು ಬೆಳಕಿನಲ್ಲೇ ಇತ್ತು. ನಾನು ಸುಮ್ಮನಿರಬೇಕಿತ್ತು. "ಒಳ್ಳೇದಾಯ್ತಲ್ಲ ಬೆನ್, ಅಲ್ಲಿ ಇಪ್ಪತ್ತನಾಲ್ಕು ಗಂಟೆನೂ ತಿನ್ನಬಹುದು" ಎಂದುಬಿಟ್ಟೆ.

ರಸೀಲಾಬೆನ್ ಗೋಳವನ್ನು ನಿಲ್ಲಿಸಿ ಕುರ್ಚಿಯಲ್ಲಿ ಕುಳಿತರು. ಆ ಬಿಳಿ ಮಚ್ಚೆಯನ್ನೇ ನೋಡುತ್ತಿದ್ದರು. ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಸುದ್ದಿ ಮರುದಿನವೇ ಅವರ ಗಂಡನ ಅಣ್ಣ ಪ್ರಭುದಾಸ್ ದೋಶಿಗೆ ಮುಟ್ಟಿತು. ಈತ ಜೈನ ಸಾಧುಗಳು ತಂಗುವ ಉಪಾಶ್ರಯದ ಟ್ರಸ್ಟಿ, ಎಪ್ಪತ್ತಾರರ ಗಟ್ಟಿ ಆಳು, ತಾನೂ ಚೌವಿಹಾರದವನು. ಸಂವತ್ಸರಿಯ ದಿನ ಹೆಂಗಸರ ಸಭಾಂಗಣದಲ್ಲಿ ವರ್ಷದ ತಪ್ಪುಗಳನ್ನೆಲ್ಲ ಒಂದೊಂದಾಗಿ ಹೆಸರಿಸಿ ಕ್ಷಮೆ ಕೇಳುವ ದೀರ್ಘ ಪಾಠವಿರುತ್ತದೆ. ಹತ್ತೊಂಬತ್ತು ವರ್ಷದಿಂದ ಅದನ್ನು ಹೇಳಿಸುವ ಕಂಠ ರಸೀಲಾಬೆನ್ ಅವರದು. ಪ್ರಭುದಾಸ್‌ಭಾಯಿ ನೇರ ನನ್ನ ಅಂಗಡಿಗೇ ಬಂದ. ಬೆನ್ ಅಲ್ಲೇ ಇದ್ದರು. ಸೀರೆಯ ಸೆರಗನ್ನು ತಲೆಯ ಮೇಲೆಳೆದುಕೊಂಡು ಗೋಡೆಯ ಕಡೆ ತಿರುಗಿದರು. ಆ ಕಾಲದ ಸೊಸೆಯಂದಿರು ಗಂಡನ ಅಣ್ಣನೊಂದಿಗೆ ನೇರವಾಗಿ ಮಾತನಾಡುವುದಿಲ್ಲ. ಬೆನ್ ನಲವತ್ತೆಂಟು ವರ್ಷದಿಂದ ಆಡಿರಲಿಲ್ಲ. ಹೀಗಾಗಿ ಇಬ್ಬರ ಜಗಳವೂ ನನ್ನ ತಲೆಯ ಮೇಲೆಯೇ ನಡೆಯಿತು. ಮನೆಯ ಸೊಸೆ ಅವನ ಬಾಯಲ್ಲಿ ವಹು, ಗಂಡನ ಅಣ್ಣ ಬೆನ್ ಬಾಯಲ್ಲಿ ಮೋಟಾಭಾಯಿ.

"ನೌತಮ್, ನಮ್ಮ ವಹುಗೆ ಹೇಳು. ಸೂರ್ಯ ಮುಳುಗದ ಊರಲ್ಲಿ ನಿಯಮ ಎಲ್ಲಿ ಉಳಿಯುತ್ತೆ?"

"ಮೋಟಾಭಾಯಿಗೆ ಹೇಳು ನೌತಮ್, ನಿಯಮ ತಗೊಂಡಿದ್ದು ನಾನು. ಸೂರ್ಯ ಅಲ್ಲ."

"ಮಾತಿಗೇನು ಕಮ್ಮಿಯಿಲ್ಲ. ನಿಯಮ ಮುರಿದವಳು ಸಂವತ್ಸರಿಗೆ ಪಾಠ ಹೇಳಿಸೋ ಹಾಗಿಲ್ಲ ಅಂತ ಹೇಳು. ಆ ಜಾಗಕ್ಕೆ ಬೇರೆಯವರನ್ನ ಕೂರಿಸ್ತೀನಿ."

ಬೆನ್ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡರು. ಆ ಜಾಗವೆಂದರೆ ಅವರಿಗೆ ಏನೆಂದು ನನಗೆ ಗೊತ್ತಿತ್ತು. ಮನೆಯಲ್ಲಿ ಮಾತನಾಡಲು ಯಾರೂ ಇಲ್ಲದ ಹೆಂಗಸಿನ ಧ್ವನಿಯನ್ನು ಮುನ್ನೂರು ಹೆಂಗಸರು ಉಸಿರು ಹಿಡಿದು ಕೇಳುವ ದಿನ ವರ್ಷಕ್ಕೆ ಅದೊಂದೇ.

"ಹಾಗೇ ಆಗಲಿ ಅಂತ ಹೇಳು. ಮುರಿದ್ರೆ ನಾನೇ ಎದ್ದು ಹೋಗ್ತೀನಿ. ಆದರೆ ಮುರಿದಿದ್ದನ್ನ ಅವರು ತೋರಿಸಬೇಕು."

ಮೂರು ದಿನ ಬೆನ್ ಬರಲಿಲ್ಲ. ನಾಲ್ಕನೆಯ ದಿನ ಬಂದಾಗ ಗೋಳವಿರಲಿಲ್ಲ, ಎರಡೂ ಕೈಯಲ್ಲಿ ಒಂದೊಂದು ಗಡಿಯಾರವಿತ್ತು.

"ಎಡಗೈದು ನಾರ್ವೆ. ವಿಮಾನ ಹಿಡಿಯೋಕೆ. ಬಲಗೈದು ಭಾವನಗರ. ಊಟಕ್ಕೆ ಹೋಗೋದು ಬಲಗೈ ತಾನೇ? ನಾನು ಎಲ್ಲೇ ಇರಲಿ, ಭಾವನಗರದಲ್ಲಿ ಸೂರ್ಯ ಮುಳುಗಿದ ಅಂದ್ರೆ ನನಗೂ ಮುಳುಗಿದ. ನೆತ್ತಿ ಮೇಲೆ ಉರೀತಾ ಇದ್ರೂ ಸರಿ."

ಲೆಕ್ಕ ಹಾಕಿದೆವು. ಜೂನ್ ನಡುವೆ ನಮ್ಮಲ್ಲಿ ಸೂರ್ಯಾಸ್ತ ಏಳೂ ಇಪ್ಪತ್ತೇಳಕ್ಕೆ. ಆಗ ಅಲ್ಲಿ ಮಧ್ಯಾಹ್ನ ಮೂರೂ ಐವತ್ತೇಳು. ಬೆಳಿಗ್ಗೆ ಅವರ ಪದ್ಧತಿಯಂತೆ ನಮ್ಮಲ್ಲಿ ಸೂರ್ಯ ಹುಟ್ಟಿ ಇನ್ನೂ ನಲವತ್ತೆಂಟು ನಿಮಿಷ ಕಳೆದ ಮೇಲೆಯೇ ಬಾಯಿಗೆ ನೀರು. ಅಲ್ಲಿ ಅದು ನಸುಕಿನ ಮೂರೂ ಹದಿನೆಂಟು. "ಪರವಾಗಿಲ್ಲ, ಆಗಲೂ ಬಿಸಿಲೇ ಇರುತ್ತೆ" ಎಂದರು.

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ನಾನು ತೆಗೆದ ದಾರಿಗಳೆಲ್ಲ ಬಲಗೈ ಗಡಿಯಾರದ ಮುಂದೆ ಸೋಲುತ್ತಿದ್ದವು. ಬರುವಾಗ ಓಸ್ಲೋ ವಿಮಾನ ಹೊರಡುವುದು ಮಧ್ಯಾಹ್ನ ಎರಡೂವರೆಗೆ. ಊಟದ ಗಾಡಿ ಅವರ ಸಾಲಿಗೆ ಬರುವ ಹೊತ್ತಿಗೆ ಭಾವನಗರದಲ್ಲಿ ದೀಪ ಹಚ್ಚಿರುತ್ತಾರೆ. ವಿಮಾನದ ಜೈನ ಊಟ ಬೇಡ, ಥೇಪ್ಲಾ ರೊಟ್ಟಿ ಕಟ್ಟಿಕೊಂಡು ನಿಲ್ದಾಣದಲ್ಲೇ ತಿಂದು ಹತ್ತುವುದು ಎಂದಾಯಿತು. ನೀರಿನದು ಇನ್ನೊಂದು ತಕರಾರು. ಕುದಿಸಿ ಆರಿಸಿದ ನೀರು ಮಾತ್ರ ಕುಡಿಯುವವರು ಅವರು; ತಪಾಸಣೆಯವರು ಬಾಟಲಿ ಖಾಲಿ ಮಾಡಿಸುತ್ತಾರೆ. ಖಾಲಿ ಸ್ಟೀಲ್ ಬಾಟಲಿ ಒಯ್ದು, ಒಳಗೆ ಚಹಾದಂಗಡಿಯಲ್ಲಿ ಕುದಿಯುವ ನೀರು ತುಂಬಿಸಿಕೊಂಡು, ಆರುವುದಕ್ಕೆ ನಲವತ್ತು ನಿಮಿಷ ಬಿಡಬೇಕು. ಆ ನಲವತ್ತು ನಿಮಿಷವನ್ನೂ ವಿಮಾನಗಳ ನಡುವೆ ನಾನು ಹೊಂದಿಸಬೇಕಿತ್ತು. ಆಷಾಢದಲ್ಲಿ ಚೌಮಾಸಿ, ಅಂದರೆ ಚಾತುರ್ಮಾಸ, ಹಿಡಿದರೆ ನಾಲ್ಕು ತಿಂಗಳು ಅವರು ಊರು ಬಿಡುವಂತಿಲ್ಲ, ಅದಕ್ಕೆ ಮೊದಲೇ ಮನೆ ಸೇರಬೇಕು. ಕೊನೆಯ ತುಂಡು, ಟ್ರೋಮ್ಸೋದಿಂದ ಹ್ಯಾಮರ್‌ಫೆಸ್ಟ್‌ಗೆ, ರೆಕ್ಕೆಗೆ ಪಂಖ ಕಟ್ಟಿದ ಪುಟ್ಟ ವಿಮಾನ. ಹೆದರಿಸಿ ನೋಡಿದೆ.

"ಕೆಳಗೆ ಹಾರುತ್ತಾ?"

"ಹೌದು ಬೆನ್, ಗಾಳಿಗೆ ಅಲ್ಲಾಡುತ್ತೆ ಕೂಡ."

"ಹಾಗಾದ್ರೆ ಕಿಟಕಿ ಪಕ್ಕದ ಸೀಟು ಹಾಕು."

ಒಟ್ಟು ಹನ್ನೊಂದು ಸಲ ಟಿಕೆಟ್ ಬದಲಾಯಿಸಿದೆ. ವೀಸಾ ಅರ್ಜಿಯಲ್ಲಿ ಪ್ರಯಾಣದ ಉದ್ದೇಶ ಎಂಬ ಜಾಗದಲ್ಲಿ ಪ್ರವಾಸ ಎಂದು ಬರೆಯಿರಿ ಎಂದು ಸಾರಿ ಸಾರಿ ಹೇಳಿದ್ದೆ. ಅವರು 'ಅರ್ಧ ಉಳಿದ ಪಾಠ ಮುಗಿಸುವುದು' ಎಂದು ಬರೆದರು. ವೀಸಾ ಬಂತು. ಕೊಟ್ಟವರು ಯಾರೋ ಓದಿಯೇ ಇರಲಿಲ್ಲ, ಇಲ್ಲವೇ ಸರಿಯಾಗಿ ಓದಿದ್ದರು.

ಜೂನ್ ಹನ್ನೆರಡಕ್ಕೆ ಅವರು ಹೊರಟರು. ಹದಿನಾಲ್ಕರಿಂದ ಪ್ರಭುದಾಸ್‌ಭಾಯಿ ನನ್ನನ್ನು ಸಂಜೆಯಾದರೆ ತನ್ನ ಮನೆಗೆ ಕರೆಸಿಕೊಳ್ಳತೊಡಗಿದ. ಫೋನಿನಲ್ಲಿ ಮುಖ ಕಾಣುವ ಹಾಗೆ ವಹುವನ್ನು ಹಿಡಿದುಕೊಡಬೇಕು. ಎರಡು ಗಡಿಯಾರದ ಸುದ್ದಿ ಅವನಿಗೂ ಮುಟ್ಟಿತ್ತು; ಭಾವನಗರದ ಸೂರ್ಯಾಸ್ತದ ಮೇಲೆ ಆಕೆಯ ಕೈಯಲ್ಲಿ ಲೋಟವಿದೆಯೋ ಇಲ್ಲವೋ ಈತ ಕಣ್ಣಾರೆ ನೋಡಬೇಕು. ನಾಚಿಕೆಗೇಡಿನ ಕೆಲಸ. ಆದರೂ ಹೋದೆ. ವರ್ಷಕ್ಕೆ ಎರಡು ಗುಂಪಿನ ಯಾತ್ರೆ ಕೊಡುವ ಮನುಷ್ಯನಿಗೆ ಇಲ್ಲವೆನ್ನುವ ಎದೆ ನನಗಿರಲಿಲ್ಲ.

ಎರಡು ದಿನ ಏನೂ ಸಿಗಲಿಲ್ಲ. ಮೂರನೆಯ ದಿನ ಸಂಪರ್ಕ ಮತ್ತೆ ಮತ್ತೆ ಕಡಿದು, ಸಿಗುವಷ್ಟರಲ್ಲಿ ಏಳೂ ಐವತ್ತಾಗಿತ್ತು. ಪರದೆ ಸರಿಯಾಗಿ ಕಾಣಲಿ ಎಂದು ಮೊದಲೇ ಕಿಟಕಿಯ ತೆರೆ ಎಳೆಸಿ ಟ್ಯೂಬ್‌ಲೈಟ್ ಹಾಕಿಸಿದ್ದ. ಫೋನಿನ ತುಂಬ ಬಿಸಿಲು. ಗುಡ್ಡದ ಮೇಲೆ, ಉಣ್ಣೆಯ ಕೋಟು ತೊಟ್ಟು, ಅದರ ಮೇಲೂ ತಲೆಗೆ ಸೆರಗು ಹೊದ್ದು ಬೆನ್ ಕಲ್ಲಿನ ಮೇಲೆ ಕೂತಿದ್ದರು. ಹಿಂದೆ ಕಡಲು ಹೊಳೆಯುತ್ತಿತ್ತು.

"ನೌತಮ್, ವಹುಗೆ ಹೇಳು, ನೋಡು ಎಂಥ ಬಿಸಿಲು. ಗುಡ್ಡ ಹತ್ತಿದ್ದೀಯ, ವಯಸ್ಸಾಗಿದೆ. ಒಂದು ಗುಟುಕು ನೀರು ಕುಡಿದ್ರೆ ಯಾರೂ ಏನೂ ಅನ್ನಲ್ಲ ಅಂತ ಹೇಳು. ಸೂರ್ಯ ಕಣ್ಣೆದುರಿಗೇ ಇದ್ದಾನಲ್ಲ."

ಅದು ಕನಿಕರವಲ್ಲ, ಬಲೆ. ಬೆನ್ ತಲೆ ಅಲ್ಲಾಡಿಸಿದರು. ಈತ ಬಿಡಲಿಲ್ಲ. ಬಿಸಿಲನ್ನು ಮತ್ತೆ ಮತ್ತೆ ತೋರಿಸಿದ, ಶಾಸ್ತ್ರ ಹೇಳಿದ, ಗದರಿದ, ಪುಸಲಾಯಿಸಿದ. ಕಣ್ಣು ಪರದೆಯಿಂದ ಕೀಳಲಿಲ್ಲ. ಮಾತನಾಡಿ ಆಡಿ ಗಂಟಲೊಣಗಿತು. ಪಕ್ಕದಲ್ಲಿದ್ದ ಹಿತ್ತಾಳೆ ತಂಬಿಗೆಯನ್ನೆತ್ತಿ ಗಟಗಟನೆ ಅರ್ಧ ತಂಬಿಗೆ ನೀರು ಕುಡಿದು, ಬಾಯೊರೆಸಿಕೊಂಡು, "ಸೂರ್ಯ ಇರೋವಾಗ ತಪ್ಪೇನು?" ಎಂದ.

ನಾನು ಗೋಡೆ ಗಡಿಯಾರ ನೋಡಿದೆ. ಎಂಟು ಗಂಟೆ.

ಫೋನಿನಲ್ಲಿ ರಸೀಲಾಬೆನ್ ಬಲಗೈ ಎತ್ತಿ ತಮ್ಮ ಗಡಿಯಾರ ನೋಡಿಕೊಂಡರು. ಆಮೇಲೆ ಸೆರಗು ಹಿಂದಕ್ಕೆ ಸರಿಸಿದರು. ನಲವತ್ತೆಂಟು ವರ್ಷದಲ್ಲಿ ಮೊದಲ ಸಲ ನನ್ನನ್ನು ನಡುವೆ ತರಲಿಲ್ಲ.

"ಮೋಟಾಭಾಯಿ, ನಿಮ್ಮ ಕಿಟಕಿ ತೆಗೆದು ನೋಡಿ."

ನಾನೇ ತೆರೆ ಸರಿಸಿದೆ. ಹೊರಗೆ ಬೀದಿದೀಪ ಹತ್ತಿತ್ತು. ಪ್ರಭುದಾಸ್‌ಭಾಯಿ ಕೈಯಲ್ಲಿದ್ದ ತಂಬಿಗೆಯನ್ನು ನೋಡಿದ. ಕೆಳಗಿಡಲು ಅವನಿಗೆ ಜಾಗ ಸಿಗಲಿಲ್ಲ.

"ನಿಯಮ ಮುರಿಯೋಕೆ ವಿಮಾನ ಹತ್ತಬೇಕಾಗಿಲ್ಲ" ಎಂದರು ಬೆನ್. ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ, ಗೆಲುವೂ ಇರಲಿಲ್ಲ. ಫೋನು ಕಡಿಯಿತು. ಮರುದಿನ ಪ್ರಭುದಾಸ್‌ಭಾಯಿ ಪ್ರಾಯಶ್ಚಿತ್ತಕ್ಕೆ ಉಪವಾಸ ಕೂತ. ನನ್ನನ್ನು ಕರೆಸಲಿಲ್ಲ.

ಮರಳಿದ ಬೆನ್ ಮೊದಲು ಹೋದದ್ದು ನನ್ನ ಮನೆಗೆ. ದಕ್ಷಾ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದಳು. "ನಾಲ್ಕಕ್ಕೆ ಮೂರು ನಿಮಿಷ ಇರೋವಾಗ" ಎಂದರು ಬೆನ್. ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಐವತ್ತರ ಹತ್ತಿರದ ನನ್ನ ಹೆಂಡತಿ ಎಂಟನೇ ತರಗತಿಯವಳ ಹಾಗೆ ಅತ್ತಳು.

ಸಂವತ್ಸರಿಯ ದಿನ ಹೆಂಗಸರ ಸಭಾಂಗಣದಲ್ಲಿ ಪಾಠ ಹೇಳಿಸಿದ್ದು ರಸೀಲಾಬೆನ್ ಅವರೇ. ಯಾರೂ ಬೇಡ ಅನ್ನಲಿಲ್ಲ. ಅನ್ನಬೇಕಾದವನು ಗಂಡಸರ ಕಡೆ ಕಂಬದ ಹಿಂದೆ ಕೂತಿದ್ದನಂತೆ. ತಂಬಿಗೆಯ ಸಂಗತಿಯನ್ನು ಬೆನ್ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ನಾನೂ ಈಗಷ್ಟೇ ಬಿಡುತ್ತಿದ್ದೇನೆ.

ಮರುದಿನ ಬೆಳಿಗ್ಗೆ ಅವರು ಮತ್ತೆ ಗೋಳ ಹಿಡಿದು ನನ್ನ ಅಂಗಡಿಯಲ್ಲಿ ಕೂತಿದ್ದಾಗ ಪ್ರಭುದಾಸ್‌ಭಾಯಿ ಮೆಟ್ಟಿಲು ಹತ್ತಿ ಬಂದ. ಆ ದಿನ ನಮ್ಮೂರಿನಲ್ಲಿ ಎಲ್ಲರೂ ಎಲ್ಲರ ಕ್ಷಮೆ ಕೇಳುತ್ತಾರೆ. ಆದರೆ ತಮ್ಮನ ಹೆಂಡತಿಯನ್ನು ಹುಡುಕಿಕೊಂಡು ಟಿಕೆಟ್ ಅಂಗಡಿಗೆ ಬರುವವರು ಕಡಿಮೆ. ಕೈ ಮುಗಿದು, "ಮಿಚ್ಛಾಮಿ ದುಕ್ಕಡಂ" ಎಂದ. ಬೆನ್ ಕೂಡ ಮುಗಿದರು. ಸೆರಗು ಹೆಗಲ ಮೇಲೆಯೇ ಇತ್ತು.

ಹೋಗುವ ಬದಲು ಅವನು ಗೋಳವನ್ನು ನೋಡುತ್ತ ನಿಂತ. "ನೌತಮ್, ಮತ್ತೆ ಎಲ್ಲಿಗಂತೆ?"

ನಾನು ಬಾಯಿ ತೆರೆಯುವ ಮೊದಲೇ ಬೆನ್ ಅಂದರು: "ಅದೇ ಊರಿಗೆ ಮೋಟಾಭಾಯಿ. ಚೌಮಾಸಿ ಮುಗಿದ ಮೇಲೆ, ಡಿಸೆಂಬರ್‌ನಲ್ಲಿ. ಆಗ ಅಲ್ಲಿ ಸೂರ್ಯ ಹುಟ್ಟೋದೇ ಇಲ್ಲ."

"ಹಾಗಾದ್ರೆ ನೀನು ಊಟ ಮಾಡೋದು ಯಾವಾಗ?"

ರಸೀಲಾಬೆನ್ ಬಲಗೈ ಗಡಿಯಾರವನ್ನು ಬಿಚ್ಚಿ, ಕೀಲಿ ಕೊಟ್ಟು, ಮತ್ತೆ ಕಟ್ಟಿಕೊಂಡರು.

"ನಾನು ಗಡಿಯಾರ ನೋಡ್ಕೊಂಡು ಊಟ ಮಾಡ್ತೀನಿ" ಎಂದರು. "ನೀವು ಕಿಟಕಿ ನೋಡ್ಕೊಂಡು ನೀರು ಕುಡೀರಿ."