ಕೊನೆಯ ಪುಟದ ಗಿಳಿ

ಮೊದಲೇ ಹೇಳಿಬಿಡುತ್ತೇನೆ, ಈ ವಾರದ ಬರಹದಲ್ಲಿ ಒಂದೆರಡು ವಿವರ ಹೆಚ್ಚುಕಮ್ಮಿ ಆಗಿರಬಹುದು. ಆ ಫೋಟೊ ನೋಡಿದ್ದು ಭಾನುವಾರ ಎಂದು ನನ್ನ ನೆನಪು. ಮಂಗಳವಾರ ಎಂದು ನನ್ನದೇ ಡೈರಿ ಹೇಳುತ್ತದೆ. ಡೈರಿಯನ್ನೇ ನಂಬಿ. ನನ್ನ ನೆನಪಿನ ಯೋಗ್ಯತೆ ಎಷ್ಟೆಂಬುದು ಮುಂದೆ ಗೊತ್ತಾಗುತ್ತದೆ.

ನಾಗಮಂಗಲದ ನಮ್ಮ ಲೈಬ್ರರಿಗೊಂದು ಫೇಸ್‌ಬುಕ್ ಪೇಜಿದೆ. ನಿಮಗೆ ಗೊತ್ತಿತ್ತಾ? ನನಗಂತೂ ಗೊತ್ತಿರಲಿಲ್ಲ. ಅದರಲ್ಲಿ ಇದ್ದದ್ದು ಜಯಂತಿಗಳ ಶುಭಾಶಯ, ಹಾರ ಹಾಕಿದ ಫೋಟೊ, ರಜೆಯ ನೋಟಿಸು. ಲೈಕು ಮೂರು. (ಅದರಲ್ಲೊಂದು ಲೈಬ್ರರಿಯದೇ.)

ಹೊಸದಾಗಿ ಬಂದ ಲೈಬ್ರರಿಯನ್ ಸುಮಿತ್ರಾ ಮೇಡಂ ಒಂದು ಕೆಲಸ ಮಾಡಿದರು. ಹಳೆಯ ಪುಸ್ತಕಗಳ ಧೂಳು ಹೊಡೆಯುವಾಗ ಒಳಗೆ ಸಿಕ್ಕಿದ್ದನ್ನೆಲ್ಲ ಫೋಟೊ ತೆಗೆದು ಪೇಜಿಗೆ ಹಾಕತೊಡಗಿದರು. ಬಸ್ ಟಿಕೆಟು, ಒಣಗಿದ ಸಂಪಿಗೆ, ಅರ್ಧ ಬರೆದ ರಜಾ ಅರ್ಜಿ. ಕೆಳಗೆ ಒಂದೇ ಸಾಲು: "ಇದು ಯಾರದು?"

ಮಂಗಳವಾರದ ಫೋಟೊದಲ್ಲಿ ಒಂದು ಹಳೆಯ ಕಾದಂಬರಿಯ ಖಾಲಿ ಕೊನೆಯ ಪುಟ. ಅದರ ತುಂಬ ಪೆನ್ಸಿಲಿನ ಚಿತ್ರ. ಬಾಗಿಲಿನ ಮೇಲ್ಪಟ್ಟಿ, ನಡುವೆ ತೆಂಗಿನ ಹೊಂಬಾಳೆ, ಆಚೀಚೆ ಎರಡು ಗಿಳಿ. ಒಂದು ಗಿಳಿ ಮಾತ್ರ ಕತ್ತು ತಿರುಗಿಸಿ ಹಿಂದೆ ನೋಡುತ್ತಿದೆ. ಪಕ್ಕದಲ್ಲಿ ಬಡಗಿಗಳ ಅಳತೆ: "೫ ಅಂಗುಲ ೩ ನೂಲು."

ನಾನು ಕೂತಲ್ಲೇ ಕೂಗಿಕೊಂಡೆ. ತೀರಿಹೋದ ನಮ್ಮಪ್ಪ ಬಡಗಿ. ಅಂಗುಲ, ನೂಲು ಕೇಳಿಕೊಂಡೇ ಬೆಳೆದವಳು ನಾನು. ತಡಮಾಡದೆ ಟೈಪಿಸಿದೆ: "ಇದು ನಮ್ಮಪ್ಪನ ಚಿತ್ರ. ಅಪ್ಪ ಇದನ್ನು ಬರೆಯುವುದನ್ನು ನಾನೇ ಕಂಡಿದ್ದೇನೆ."

ಆಮೇಲೆ ನೋಡಬೇಕಿತ್ತು! "ಆಚಾರ್ರ ಕೈ ಅಂದ್ರೆ ಕೈ" ಎಂದು ಪಾಂಡವಪುರದಿಂದ ಒಬ್ಬರು. "ನಮ್ಮನೆ ಮಂಚನೂವೆ ಅವ್ರ್ದೇಯ" ಎಂದು ಕೆ.ಆರ್. ಪೇಟೆಯಿಂದ ಇನ್ನೊಬ್ಬರು. ನಡುವೆ ಇಬ್ಬರು ಗೆಳೆಯರು, ಅದು ತಮ್ಮದೇ ಜಗಲಿ ಎಂಬಂತೆ:

"ಲೇ ಮಂಜ, ನಿಮ್ಮ ದೊಡ್ಡಪ್ಪನ ಮನೆ ಬಾಗ್ಲು ಇಂಗೇ ಅಲ್ವೇನ್ಲಾ?"

"ಔದು ಕಣ್ಲಾ! ಇರು, ಫೋಟೊ ಒಡ್ದು ಆಕ್ತೀನಿ."

ಹಾಕಿಯೂಬಿಟ್ಟ. ಅಕ್ಕಿಹೆಬ್ಬಾಳಿನ ಒಂದು ಬಾಗಿಲು. ಹೊಂಬಾಳೆ, ಎರಡು ಗಿಳಿ. ಒಂದರ ಕತ್ತು ಹಿಂದಕ್ಕೆ!

ಆ ವಾರವೆಲ್ಲ ಲೈಬ್ರರಿಗೆ ಎಂದೂ ಕಾಲಿಡದವರು ಬಂದರು. "ಓದಕ್ ಬಂದಿಲ್ಲ ಮೇಡಂ, ಗಿಣಿ ನೋಡಕ್ ಬಂದೆ" ಎಂದವರೊಬ್ಬರು ಮೆಂಬರ್ ಆಗಿ, ಎರಡು ಪುಸ್ತಕ ಹಿಡಿದು ಹೋದರಂತೆ. ಲೈಬ್ರರಿಗೆ ಸೋಷಿಯಲ್ ಮೀಡಿಯಾ ಯಾಕೆ ಎನ್ನುವವರು ಕೇಳಿಸಿಕೊಳ್ಳಿ. ಹೊಸ ಪುಸ್ತಕದ ಮುಖಪುಟ ಹಾಕಿ, ವಾಟ್ಸಾಪಿನಲ್ಲೇ "ಇದು ನನಗೆ ತೆಗೆದಿಡಿ" ಎನ್ನಲು ಬಿಡಿ, ಎಲ್ಲ ಸರಿ. ಜೊತೆಗೆ ಓದುಗರನ್ನು ಏನಾದರೂ ಕೇಳಿ. ಊರಿಗೆ ಹೇಳಲು ಎಷ್ಟೊಂದಿದೆ!

ಆದರೆ ಊರು ಹೇಳಿದ್ದೆಲ್ಲ ನಿಜವಾ? ನಾನು ಹೇಳಿದ್ದು?

ಶುಕ್ರವಾರ ಆ ಅಕ್ಕಿಹೆಬ್ಬಾಳಿನ ಮನೆಯ ಯಜಮಾನಿಯೇ ಬರೆದರು: "ಬಾಗ್ಲು ಕೆತ್ತಿದ್ದು ಆಚಾರ್ರೇ. ಬರ್ದಿದ್ದು ಅವ್ರ ತಂಗಿ. ನಮ್ಮ ಪಡಸಾಲೇಲಿ ಕೂತ್ಕಂಡು, ಮಡ್ಲಲ್ಲಿ ಬುಕ್ ಮಡೀಕಂಡು ಎಡಗೈಲಿ ಬರೀತಿದ್ರು."

ನಾನು ಫೋಟೊ ದೊಡ್ಡದು ಮಾಡಿ ನೋಡಿದೆ. ಅಳತೆಯ ಅಂಕಿಗಳೆಲ್ಲ ಬಲಕ್ಕೆ ಒರೆಸಿಹೋಗಿವೆ. ಬರೆಯುತ್ತ ಬರೆಯುತ್ತ ಎಡಗೈ ಅವುಗಳ ಮೇಲೆ ಸರಿದಿದೆ. ಅಪ್ಪ ಬಲಗೈಯವರು. ಮನೆಯಲ್ಲಿ ಎಡಚಿ ಎನ್ನಿಸಿಕೊಂಡವಳು ಅಪ್ಪನ ತಂಗಿ ರತ್ನತ್ತೆ. ಕೆತ್ತಲು ಯಾರೂ ಕೈಗೆ ಉಳಿ ಕೊಡದಿದ್ದವಳು, ಅಣ್ಣನ ಲೈಬ್ರರಿ ಕಾರ್ಡಿನಲ್ಲಿ ಪುಸ್ತಕ ತರಿಸಿಕೊಂಡು ಓದುತ್ತಿದ್ದವಳು.

ಹಾಗಾದರೆ ಅಪ್ಪ ಬರೆಯುವುದನ್ನು ನಾನು "ಕಂಡಿದ್ದು"? ಎಲ್ಲಿ, ಯಾವಾಗ? ಲೈಕು ಬೀಳುತ್ತ ಬೀಳುತ್ತ ನನಗೂ ಅದು ನಿಜವಾಗಿಬಿಟ್ಟಿತ್ತು. ತಿದ್ದುಪಡಿ ಬರೆದೆ: "ಅವರು ಹೇಳಿದ್ದೇ ಸರಿಯಿರಬೇಕು, ಅತ್ತೆಯನ್ನು ಕೇಳುತ್ತೇನೆ." (ಅದಕ್ಕೆ ಬಿದ್ದ ಲೈಕು ನಾಲ್ಕು.)

ಸುಮಿತ್ರಾ ಮೇಡಂ ಫೋನು ಮಾಡಿದರು. "ಪ್ರಿಂಟ್ ತೆಗೆಸಿ, ಫ್ರೇಮ್ ಹಾಕಿಸಿ ಗೋಡೆಗೆ ಹಾಕ್ತೀವಿ. ಕೆಳಗೆ ಹೆಸರು ಹಾಕಬೇಕು. ಒಂದ್ಸಲ ಹಾಕಿದ್ರೆ ಅದೇ ದಾಖಲೆ. ಕೇಳ್ಕೊಂಡು ಬಂದು ಹೇಳಿ."

ಬಿಂಡಿಗನವಿಲೆಗೆ ಹೋದೆ. ರತ್ನತ್ತೆ ಅವರೆಕಾಯಿ ಸುಲಿಯುತ್ತಿದ್ದಳು. ಆ ಪುಟದ ಫೋಟೊ ಮುಂದೆ ಹಿಡಿದೆ.

"ಅತ್ತೆ, ಇದು ನೀನು ಬರ್ದಿದ್ದಾ?"

"ಸುಮ್ಕಿರವ್ವ. ಲೈಬ್ರರಿ ಬುಕ್ಕಲ್ಲಿ ಗೀಚುದ್ರೆ ದಂಡ ಆಕ್ತಾರೆ."

"ನಲವತ್ತು ವರ್ಸ ಆದ್ಮೇಲೆ ಯಾರೂ ದಂಡ ಆಕಲ್ಲ ಬುಡತ್ತೆ!"

ಅತ್ತೆ ನಕ್ಕಳು. "ಆ ಗಿಣಿ ಮೂತಿ ಸರಿಯಾಗ್ ಬರ್ನಿಲ್ಲ ಕಣೆ. ಅದ್ಕೇ ಕತ್ತು ತಿರುಗ್ಸ್‌ಬುಟ್ಟೆ."

ನಾನು ಅಕ್ಕಿಹೆಬ್ಬಾಳಿನ ಬಾಗಿಲ ಫೋಟೊ ತೋರಿಸಿದೆ. ಅವಳ ನಗು ನಿಂತಿತು. ಬಾಗಿಲು ಕೂರಿಸಿದ ಮೇಲೆ ಅವಳನ್ನು ಯಾರೂ ಅಲ್ಲಿಗೆ ಕರೆದುಕೊಂಡು ಹೋಗಿರಲಿಲ್ಲ. ಎಡಗೈಯನ್ನು ಸೆರಗಿಗೆ ಒರೆಸಿಕೊಂಡು ಫೋನು ತೆಗೆದುಕೊಂಡಳು. "ಅಣ್ಣ ಕತ್ತ ಅಂಗೇ ಕೆತ್ತವ್ನೆ ನೋಡು" ಎಂದಳು, ಅಷ್ಟೇ.

ಗೋಡೆಗೆ ಹಾಕುವ ಫ್ರೇಮಿನ ವಿಷಯ ಹೇಳಿ ಒಂದು ಮಾತು ಕೇಳಿದೆ. ಅದನ್ನೇ ಆಮೇಲೆ ಎರಡು ಸಲ ಫೋನಿನಲ್ಲೂ ಕೇಳಿದ್ದೇನೆ. ಪ್ರತಿ ಸಲವೂ ಅವರೆಕಾಯಿ ಕಳಿಸಲಾ ಎನ್ನುತ್ತಾಳೆ. ಫ್ರೇಮಿನ ಕೆಳಗಿನ ಜಾಗ ಇನ್ನೂ ಖಾಲಿ ಇದೆ.

"ಅತ್ತೆ, ಅಲ್ಲಿ ನಿನ್ನ ಎಸ್ರು ಬರುಸ್ಲಾ?"