ಕೋಳಿ ಗೂಡಿಗೆ ನಮ್ಮ ಮನೆ ಬೀಗ

ಜಮಾದಾರ ಚಾಚಾ ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗೆ ಇಳಿದಿತ್ತು. ನಡೆಯುವಾಗ ಇಡೀ ಮೈ ಬಲಕ್ಕೆ ವಾಲುತ್ತಿತ್ತು. ಹಿಂದಿನಿಂದ ನೋಡಿದವರಿಗೆ, ಈ ಮನುಷ್ಯ ತುಂಬಿದ ಕೊಡವನ್ನು ಕೈಯಲ್ಲಿ ಹಿಡಿದು ಹೊರಟಿದ್ದಾನೆ, ಕೊಡ ಮಾತ್ರ ಕಾಣುತ್ತಿಲ್ಲ ಅನ್ನಿಸಬೇಕು. ನಿಜಾಮರ ಕಾಲದಲ್ಲಿ ಲಿಂಗಸುಗೂರಿನ ಜೇಲಿನಲ್ಲಿ ಪಹರೆ ಮಾಡುತ್ತ, ಸೊಂಟಕ್ಕೆ ಕಬ್ಬಿಣದ ಕೀಲಿಕೈ ಗೊಂಚಲು ಕಟ್ಟಿಕೊಂಡೇ ಅವರು ಪ್ರಾಯ ಕಳೆದಿದ್ದರು. ನಿಜಾಮರು ಹೋದರು, ನೌಕರಿಯೂ ಹೋಯಿತು. ಗೊಂಚಲನ್ನು ಅಲ್ಲೇ ಒಪ್ಪಿಸಿ ಮಸ್ಕಿಗೆ ಬಂದು ನೆಲೆಸಿದರು. ವಾಲುವುದನ್ನು ಮಾತ್ರ ಯಾರಿಗೂ ಒಪ್ಪಿಸಿ ಬರಲಾಗಲಿಲ್ಲ.

ನಾನು ಸಾಲಗುಂದದಿಂದ ಆ ಕೇರಿಗೆ ಸೊಸೆಯಾಗಿ ಬಂದದ್ದು ಅದಾದ ಒಂದೆರಡು ವರ್ಷಕ್ಕೆ. ನಮ್ಮ ಅಂಗಳಕ್ಕೂ ಅವರ ಅಂಗಳಕ್ಕೂ ನಡುವೆ ಎದೆಮಟ್ಟದ ಗೋಡೆ. ಅವರ ಮನೆಯ ಬಾಗಿಲಿಗೆ ಅಗಳಿ ಇರಲಿಲ್ಲ, ಚಿಲಕವೂ ಇರಲಿಲ್ಲ. ಬಂದ ದಿನವೇ ಎರಡನ್ನೂ ಕಿತ್ತು ಕಮ್ಮಾರನಿಗೆ ಕೊಟ್ಟು ಕುಡುಗೋಲು ಮಾಡಿಸಿದ್ದರಂತೆ. ಯಾರಾದರೂ ಯಾಕೆಂದು ಕೇಳಿದರೆ, “ಜಿಂದಗಿ ಪೂರಾ ಬಾಗಲಕ್ಕ ಕೀಲಿ ಜಡದೀನಿ. ಇನ್ನ ನನ್ನ ಕೈಲೆ ಯಾರ ಮ್ಯಾಲೂ ಕೀಲಿ ಬೀಳಂಗಿಲ್ಲ. ಕಸಂ ಮಾಡೀನಿ” ಎನ್ನುತ್ತಿದ್ದರು.

ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಇದ್ದದ್ದು ಕೋಳಿಗಳು. ಎಲ್ಲಕ್ಕೂ ಮುಂದೆ ಎದೆ ಸೆಟೆಸಿ ನಡೆಯುವ ಕಂದು ಬಣ್ಣದ ಹೇಂಟೆಗೆ ಬೇಗಂ ಎಂದು ಹೆಸರು. ದಿನವಿಡೀ ನೆಲ ಕೆರೆಯುವುದು ಮುನ್ಷಿ. ಹೊತ್ತುಗೊತ್ತಿಲ್ಲದೆ ಕೂಗುವ ಹುಂಜ ವಕೀಲ. “ಜೇಲಿನಾಗ ಮಂದೀನ ನಂಬರ್ ಹಾಕಿ ಕರದೀನಿ, ಕೋಳಿಗಾದ್ರೂ ಹೆಸರಿರಲಿ” ಎನ್ನುವುದು ಅವರ ಸಮಜಾಯಿಷಿ. ಕೋಳಿಗಳು ಮಲಗುತ್ತಿದ್ದದ್ದು ಅವರ ಮನೆಯ ತೊಲೆಯ ಮೇಲೆ. ಬೆಳಗಾದರೆ ಬಾಗಿಲು ತೆರೆದು, “ಜಾವ್, ಕಮಾಕೇ ಖಾವ್” ಎಂದು ಬೀಳ್ಕೊಡುತ್ತಿದ್ದರು. ಹೋಗಿ ದುಡಿದು ತಿನ್ನಿ ಎಂದು. ಸಂಜೆ ಒಂದು ಹಿಡಿ ಜೋಳದ ನುಚ್ಚು ಬಿಟ್ಟರೆ ಅವರ ಕೈಯಿಂದ ಕೋಳಿಗಳಿಗೆ ಬೇರೇನೂ ಇರಲಿಲ್ಲ.

ಕೋಳಿಗಳು ದುಡಿಯಲು ಬರುತ್ತಿದ್ದದ್ದು ನಮ್ಮ ಅಂಗಳಕ್ಕೆ. ಅಲ್ಲಿ ಗೋಣಿತಟ್ಟಿನ ಮೇಲೆ ನಮ್ಮ ಅತ್ತೆ ತೊಳೆದ ಜೋಳ ಒಣಹಾಕುತ್ತಿದ್ದರು. ಅದನ್ನು ಕಾಯುವುದು ಹೊಸ ಸೊಸೆಯ ಕೆಲಸ. ನಾನು ಕೋಲು ಹಿಡಿದು ಕೂರಬೇಕು. ಹೊಸಿಲು ದಾಟುವಂತಿಲ್ಲ. ಮಧ್ಯಾಹ್ನ ಅತ್ತೆ ಪುರಾಣ ಕೇಳಲು ಮಠಕ್ಕೆ ಹೋಗುವಾಗ ತಲಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದರು. ನಿಜಾಮರ ಆಳಿಕೆಯ ಕೊನೆಯ ಗದ್ದಲದ ವರ್ಷಗಳಲ್ಲಿ ಬಿದ್ದ ರೂಢಿ ಅದು. ಗದ್ದಲ ಮುಗಿದಿತ್ತು, ರೂಢಿ ಮುಗಿದಿರಲಿಲ್ಲ. ಅವರು ಕೆಟ್ಟವರಲ್ಲ, ಒಳಗಿದ್ದದ್ದು ಕೆಡುವುದಿಲ್ಲ ಎಂದು ನಂಬಿದ್ದರು, ಅಷ್ಟೆ. ನನಗೋ ಎದೆಯ ಮೇಲೆ ಬೀಸುಕಲ್ಲು ಇಟ್ಟ ಹಾಗಾಗುತ್ತಿತ್ತು.

ಬೀಗ ಕಟಕ್ಕೆಂದು ಬಿದ್ದಾಗಲೆಲ್ಲ ಗೋಡೆಯಾಚೆ ಚಾಚಾ ಕೆಮ್ಮುತ್ತಿದ್ದರು. ಆ ಸಪ್ಪಳ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ದಿನ ಗೋಡೆಯ ಮೇಲೆ ಬಿಳಿ ಗಡ್ಡ ಮೂಡಿತು.

“ಬೇಟಿ, ಯಾವ ಕೇಸಿನಾಗ ಒಳಗ ಬಿದ್ದಿ?”

“ಜೋಳದ ಕೇಸು ರೀ ಚಾಚಾ” ಅಂದೆ.

“ಬಹುತ್ ಖರಾಬ್ ಕೇಸು. ಜಾಮೀನು ಸಿಗಂಗಿಲ್ಲ” ಎಂದು ತಲೆ ಆಡಿಸಿ ಮರೆಯಾದರು. ಮದುವೆಯಾಗಿ ಬಂದ ಮೇಲೆ ನಾನು ಹೊಟ್ಟೆ ಹಿಡಿದು ನಕ್ಕದ್ದು ಆವತ್ತೇ ಮೊದಲು.

ಅತ್ತೆಗೂ ಅವರಿಗೂ ಜಗಳವಿಲ್ಲದ ವಾರವಿರಲಿಲ್ಲ. ಮೊಟ್ಟೆಯ ವಾಸನೆಗೆ ಹೆದರಿ ಅತ್ತೆ ಗೋಡೆ ದಾಟಿ ಆ ಮನೆಗೆ ಕಾಲಿಟ್ಟವರಲ್ಲ. ಆದರೆ ಕೋಳಿ ಸಾಕುವುದು ಹೇಗೆ ಎನ್ನುವುದರಲ್ಲಿ ಅವರಿಗೆ ಯಾವ ಅನುಮಾನವೂ ಇರಲಿಲ್ಲ.

“ಜಮಾದಾರಾ, ಕೋಳಿ ಅಂದ್ರ ಗೂಡಿನಾಗ ಇರಬೇಕು. ಹೊತ್ತಿಗೆ ಸರಿಯಾಗಿ ಕಾಳು ಹಾಕಬೇಕು, ನೀರು ಇಡಬೇಕು. ಊರ ಮ್ಯಾಲ ಬಿಟ್ಟು ಸಾಕೀನಿ ಅಂದ್ರ ಅದು ಸಾಕಿದಂಗೇನ?”

“ಅಕ್ಕಾರ, ಕೂಡಿಹಾಕಿ ತಿನಿಸಿದ್ರ ಮೈ ಬೆಳಿತೈತಿ, ಮನಸು ಸೊರಗತೈತಿ. ನಾ ಕಣ್ಣಾರೆ ಕಂಡೀನಿ.”

“ಕೋಳಿನ ಕಂಡೀಯೋ, ಕೈದಿನ ಕಂಡೀಯೋ?”

“ಎರಡೂ ಒಂದ ರೀ. ಮುಂದ ಕೂಳು ಇಟ್ರ ಬಾಗಲ ಕಡೆ ನೋಡ್ತಾವ.”

ಒಂದು ದಿನ ಅತ್ತೆ ಮಠಕ್ಕೆಂದು ಹಸನು ಮಾಡಿಟ್ಟಿದ್ದ ಜೋಳದಲ್ಲಿ ಬೇಗಂ ಪರಿವಾರಸಮೇತ ಇಳಿದು ಅಂಗಳದ ತುಂಬ ಚೆಲ್ಲಾಡಿದಳು. ಅತ್ತೆ ಗೋಡೆಗೆ ಬಂದು, ಇನ್ನೊಮ್ಮೆ ಬಂದರೆ ಕಾಲು ಮುರಿಯುತ್ತೇನೆ, ಇದು ನಮ್ಮಪ್ಪನಾಣೆ ಎಂದರು. ಅತ್ತೆ ಆಣೆ ಹಾಕಿದರೆ ಮುಗಿಯಿತು. ಚಾಚಾ ಒಳಗೆ ಹೋದರು.

ಮರುದಿನ ಬೆಳಿಗ್ಗೆ ನೋಡಿದರೆ ಪ್ರತಿ ಕೋಳಿಯ ಕಾಲಿಗೂ ಹಸಿರು ದಾರ! ಊರಾಚೆಯ ದರ್ಗಾಕ್ಕೆ ಹರಕೆ ಬಿಟ್ಟ ಪ್ರಾಣಿಗೆ ಕಟ್ಟುವ ದಾರ ಅದು. ಅಂಥ ಪ್ರಾಣಿಯನ್ನು ಹೊಡೆಯುವಂತಿಲ್ಲ, ಎಲ್ಲಿ ಮೇದರೂ ಅಟ್ಟುವಂತಿಲ್ಲ.

“ಪೀರ್ ಸಾಹೇಬರಿಗೆ ಬಿಟ್ಟೀನಿ ಅಕ್ಕಾರ” ಎಂದರು ಚಾಚಾ, ಮುಖದಲ್ಲಿ ಭಕ್ತಿ ತುಂಬಿಕೊಂಡು. “ಕೂಡಿಹಾಕಬೇಕಂದ್ರೂ ಈಗ ಬರಂಗಿಲ್ಲ. ಒಂದ ದಿನ ಗೂಡಿನಾಗ ಹಾಕಿ ಕೀಲಿ ಜಡದ್ರ ಹರಕಿ ಕೆಟ್ಟುಹೋಗತೈತಿ.”

ನಮ್ಮದು ಇಷ್ಟಲಿಂಗದ ಮನೆ. ಆದರೂ ಅತ್ತೆ ಯಾವ ದೇವರ ಸಿಟ್ಟನ್ನೂ ಕಟ್ಟಿಕೊಳ್ಳುವವರಲ್ಲ. ಎತ್ತಿದ ಕೋಲು ಇಳಿಸಿದರು. ಬೇಗಂ ತಟ್ಟಿನ ನಡುವೆ ನಿಂತು ತಿಂದಳು. ಅತ್ತೆ ಎದುರು ಕೂತು ಕೈಮುಗಿದು, “ಪೀರ್ ಸಾಹೇಬಾ, ಕೋಳಿ ನಿಂದು, ಜೋಳ ನಂದು. ನೀನ ಏನರ ಒಂದು ದಾರಿ ಮಾಡಪಾ” ಎಂದು ಬೇಡಿಕೊಂಡರು.

ದಾರಿ ಆಯಿತು. ದರ್ಗಾದ ಉರುಸು ಹತ್ತಿರ ಬಂತು. ಅತ್ತೆಗೆ ಥಟ್ಟನೆ ಹೊಳೆಯಿತು: ಬಿಟ್ಟ ಹರಕೆಯನ್ನು ಉರುಸಿನಲ್ಲಿ ಕೊಯ್ದು ಕಂದೂರಿ ಮಾಡಿ ಊರಿಗೆ ಉಣ್ಣಿಸಬೇಕಲ್ಲವೇ? ಮೊಟ್ಟೆಯ ಸಿಪ್ಪೆ ಕಂಡರೆ ಮೂಗು ಮುಚ್ಚಿಕೊಳ್ಳುತ್ತಿದ್ದ ನಮ್ಮ ಅತ್ತೆ ದಿನಾ ಗೋಡೆಯ ಹತ್ತಿರ ಬಂದು ಕಂದೂರಿಯ ವಿಚಾರ ಮಾಡತೊಡಗಿದರು.

“ಜಮಾದಾರಾ, ಬೇಗಮ್ಮನ್ನ ಎಂದ ಕೊಯ್ತೀ? ರೊಟ್ಟಿ ಹಿಟ್ಟು ನಾ ಕೊಡ್ತೀನಿ. ಪುಣ್ಯದ ಕೆಲಸ.”

ಕೇರಿಗೆಲ್ಲ ಸುದ್ದಿ ಹೋಯಿತು. ಎಂದೂ ಮಾತಾಡಿಸದವರು ಚಾಚಾಗೆ ಸಲಾಮು ಮಾಡಿ, ತಮಗೆ ತೊಡೆಯ ತುಂಡೇ ಇರಲಿ ಎನ್ನುತ್ತಿದ್ದರು. ಚಾಚಾ ಬಾಡಿಹೋದರು. ತಾವು ಕಟ್ಟಿದ ದಾರ ಕೋಳಿಯ ಕೊರಳಿಗೇ ಬಂದಿತ್ತು. ಅವರು ಬೇಗಮ್ಮಳನ್ನು ಕಂಕುಳಲ್ಲಿ ಹಿಡಿದು ಅಂಗಳದಲ್ಲಿ ತಿರುಗಾಡುವುದನ್ನು ನೋಡಿದರೆ ನಗು ಬರುತ್ತಿತ್ತು, ಮರುಕವೂ ಆಗುತ್ತಿತ್ತು. ಕೊನೆಗೆ ಅವರೇ ಗೋಡೆಗೆ ಬಂದರು.

“ಅಕ್ಕಾರ, ನಮ್ಮ ಮನಿಯಾಗ ನನ್ನವು ಅಂತ ಇದ್ದದ್ದು ಅವಷ್ಟ ರೀ.”

ಅತ್ತೆ ಅವರ ಮುಖ ನೋಡಿದರು. “ನೀನ ಹೇಳೀಯಲ್ಲ, ಕೀಲಿ ಬಿದ್ರ ಹರಕಿ ಕೆಡತೈತಿ ಅಂತ. ಹಂಗಾದ್ರ ಕೊಯ್ಯಿ, ಇಲ್ಲಾ ಕೂಡಿಹಾಕು. ಎರಡರಾಗ ಒಂದು.”

ಬೇಗಮ್ಮಳ ಜೀವ ಉಳಿಯಬೇಕಾದರೆ ಚಾಚಾ ಯಾರ ಮೇಲೂ ಕೀಲಿ ಹಾಕುವುದಿಲ್ಲವೆಂಬ ತಮ್ಮ ಕಸಂ ಮುರಿಯಬೇಕು. ಎರಡು ದಿನ ಕಲ್ಲು ಮಣ್ಣು ಹೊತ್ತು ತಮ್ಮ ಅಂಗಳದ ಗುಡ್ಡದ ಕಡೆಯ ಗೋಡೆಗೆ ಆನಿಸಿ ತಾವೇ ಗೂಡು ಕಟ್ಟಿದರು. ಹಲಗೆಯ ಬಾಗಿಲು ನಮ್ಮ ಅಂಗಳದ ಕಡೆಗೆ. ಕೋಳಿಗಳನ್ನು ಒಳಗೆ ಬಿಟ್ಟರು. ಅತ್ತೆ ಗೋಡೆಯ ಈಚೆ, ನಾನು ಅತ್ತೆಯ ಹಿಂದೆ.

“ಕೀಲಿ?” ಎಂದರು ಅತ್ತೆ.

“ಅಗಳಿ ಇಲ್ಲದ ಮನಿಯಾಗ ಕೀಲಿ ಎಲ್ಲಿಂದ ಬರಬೇಕ್ರಿ? ನಿಮ್ಮದ ಕೊಡ್ರಿ, ತಲಬಾಗಲದ್ದು.”

ಗೆಲುವಿನ ಅಮಲು ಕೆಟ್ಟದ್ದು. ಅತ್ತೆ ಸರ್ರನೆ ಹೋಗಿ ನಮ್ಮ ಬಾಗಿಲ ಬೀಗವನ್ನೇ ತಂದು ಕೊಟ್ಟರು. ಚಾಚಾ ಕಣ್ಣು ಮುಚ್ಚಿಕೊಂಡು ಅದನ್ನು ಒತ್ತಿದರು. ಕಟಕ್ಕೆಂದಿತು. ಇಳಿದಿದ್ದ ಭುಜ ಇನ್ನಷ್ಟು ಇಳಿದಂತೆ ನನಗೆ ಕಂಡಿತು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಆಮೇಲೆ ಕಣ್ಣು ತೆರೆದ ಚಾಚಾ ಬೇರೆಯೇ ದನಿಯಲ್ಲಿ, ಜೇಲಿನ ದನಿಯಲ್ಲಿ ಕೇಳಿದರು:

“ಈಗ ಇವುಕ್ಕ ಕೂಳು ಹಾಕೋರು ಯಾರ್ರಿ?”

“ನೀನ. ಕೋಳಿ ನಿಂದಲ್ಲೇನ?”

“ಜೇಲಿನ ಕಾಯದೆ ಹಂಗಿಲ್ಲ ಅಕ್ಕಾರ. ಹೊರಗ ಬಿಟ್ಟವು ದುಡಕೊಂಡು ತಿಂತಾವ. ಯಾರು ಒಳಗ ಹಾಕಿಸ್ಯಾರ, ಅವ್ರ ಹಾಕಬೇಕು. ಮುಂಜಾನೆ ಕಾಳು, ಮಧ್ಯಾಹ್ನ ಹಸಿ ಸೊಪ್ಪು. ಸೊಪ್ಪು ತಪ್ಪಿದ್ರ ಕೈದಿ ಬಾಯಾಗ ಹುಣ್ಣು ಆಗತೈತಿ, ಸರ್ಕಾರಕ್ಕ ಕೆಟ್ಟ ಹೆಸರು.”

ಬೇರೆ ಯಾರಾದರೂ ಆಗಿದ್ದರೆ ಹೋಗೋ ಹೋಗು ಎನ್ನುತ್ತಿದ್ದರು. ಆದರೆ ಅತ್ತೆ ದಾಸೋಹದ ಮನೆಯಲ್ಲಿ ಹುಟ್ಟಿದವರು. ತಮ್ಮ ಮಾತಿನಿಂದ ಒಂದು ಪ್ರಾಣಿ ಹಸಿದುಕೊಂಡಿದೆ ಎನ್ನುವುದನ್ನು ತಡೆದುಕೊಳ್ಳುವ ಶಕ್ತಿ ಅವರಿಗಿರಲಿಲ್ಲ. “ನಾ ಹಾಕ್ತೀನಿ ತಗೋ. ನಿನ್ನ ನಿಜಾಮಗಿಂತ ಹೆಚ್ಚಿಗಿ ಹಾಕ್ತೀನಿ” ಎಂದರು. ಎಂದ ಮೇಲೆ ನೆನಪಾಯಿತು, ತಾವು ಆ ಅಂಗಳಕ್ಕೆ ಕಾಲಿಡುವುದಿಲ್ಲ, ತಮ್ಮ ಮೊಣಕಾಲಿಗೆ ಸೊಪ್ಪು ಕೀಳಲು ಗುಡ್ಡದ ಕಡೆ ಹೋಗುವುದೂ ಆಗುವುದಿಲ್ಲ. ನನ್ನ ಗಂಡ ಅಂಗಡಿ ಬಿಟ್ಟು ಬರುವವರಲ್ಲ. ಅತ್ತೆ ಹಿಂತಿರುಗಿ ನನ್ನನ್ನು ನೋಡಿದರು.

ಹೀಗೆ ಕೋಳಿಗಳು ಒಳಗೆ ಹೋದವು, ನಾನು ಹೊರಗೆ ಬಂದೆ.

ಮೊದಲ ದಿನ ಬುಟ್ಟಿ ಹಿಡಿದು ಗುಡ್ಡದ ಬುಡಕ್ಕೆ ಹೋದೆ. ಗಾಳಿಗೆ ಸೆರಗು ಹಾರುತ್ತಿತ್ತು, ಬಂಡೆಗಳು ಬಿಸಿಲಿಗೆ ಕಾದಿದ್ದವು, ನನಗೆ ಎಲ್ಲವೂ ಹಬ್ಬದಂತೆ ಕಂಡಿತು. ಬಗ್ಗಿ ಸೊಪ್ಪು ಕಿತ್ತು ತಲೆ ಎತ್ತಿದರೆ ಎದುರಿಗೆ ಬೇಗಂ! ಸೆರೆಯಲ್ಲಿರಬೇಕಾದವಳು ಗೆದ್ದಲು ಹೆಕ್ಕುತ್ತ ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಇಬ್ಬರೂ ಹೊರಗಿರಬೇಕಾದವರಲ್ಲ. ಅಷ್ಟರಲ್ಲಿ ಬಂಡೆಯ ನೆರಳಿನಿಂದ ಆ ಹಳೆಯ ಕೆಮ್ಮು ಕೇಳಿಸಿತು.

ಚಾಚಾ ಬೆರಳು ಮಾಡಿ ತೋರಿಸಿದರು. ಗೂಡಿಗೆ ಮುಂದೆ ಬಾಗಿಲಿತ್ತು, ಬಾಗಿಲಿಗೆ ಬೀಗವಿತ್ತು. ಹಿಂದೆ ಮಾತ್ರ ಗೋಡೆಯ ಬುಡದ ಕಲ್ಲುಗಳನ್ನು ತೆಗೆದು ಗುಡ್ಡದ ಕಡೆಗೆ ಕಂಡಿ ಬಿಟ್ಟಿದ್ದರು. ಮುನ್ಷಿ ಅದರೊಳಗಿಂದ ತೂರಿ ಹೊರಗೆ ಬರುತ್ತಿತ್ತು.

“ಹಿಂದ ಗ್ವಾಡಿ ಇಲ್ಲದ ಗೂಡಿಗೆ ಮುಂದ ಕೀಲಿ ಜಡದ್ರ ಕಸಂ ಮುರಿಯಂಗಿಲ್ಲ ಬೇಟಿ. ಪೀರ್ ಸಾಹೇಬರಿಗೆ ಸಕ್ಕರಿ ಓದಿಸಿ ಮಾಫಿ ಕೇಳಿ ಬಂದೀನಿ.”

“ಮತ್ತ ನಮ್ಮ ಕೀಲಿ, ಚಾಚಾ?”

“ಅದು ಅಲ್ಲೇ ಇರಲಿ. ಸಿಂಧನೂರು ಸಂತಿಯಾಗ ಇನ್ನೊಂದು ಸಿಗತೈತಿ, ಆದ್ರ ನಿಮ್ಮ ಅತ್ತಿ ತರಂಗಿಲ್ಲ. ಒಂದು ಇದ್ದಾಗ ಇನ್ನೊಂದು ಯಾಕ ಅಂತಾರ. ಆಕಿ ಗುಣ ನನಗ ಗೊತ್ತಿಲ್ಲೇನ?” ಆಮೇಲೆ, “ದಿನಾ ಮಧ್ಯಾಹ್ನ ಆ ಸಪ್ಪಳ ಕೇಳಿ ಕೇಳಿ ನನಗ ಉಂಡದ್ದು ಮೈಗೆ ಹತ್ತಾಕತ್ತಿದ್ದಿಲ್ಲ” ಎಂದರು.

ನನಗೆ ಆಗ ಅರ್ಥವಾಯಿತು. ಬೀಗ ಕೇಳಿದ್ದು, ಕಾಯದೆ ಹೇಳಿದ್ದು, ಸೊಪ್ಪಿನ ನೆಪ ಹೂಡಿದ್ದು ಬೇಗಮ್ಮಳಿಗಾಗಿ ಅಲ್ಲ. ನಾನು ಬುಟ್ಟಿ ಕೆಳಗಿಟ್ಟು ಅಳಲು ಶುರುಮಾಡಿದೆ. ಚಾಚಾ ಗಾಬರಿಯಾಗಿ, “ಅಳಬ್ಯಾಡ, ಕೋಳಿ ಹೆದರತಾವ” ಎಂದರು.

ಆಮೇಲಿನದು ನಮ್ಮ ಅತ್ತೆಯ ವಿಜಯಯಾತ್ರೆ. ನಮ್ಮ ಮನೆಯ ಕಾಳು, ನಾನು ಕಿತ್ತ ಸೊಪ್ಪು, ಗುಡ್ಡದ ಗೆದ್ದಲು ಮೂರನ್ನೂ ತಿಂದು ಕೋಳಿಗಳು ಮಿರಿಮಿರಿ ಮಿಂಚತೊಡಗಿದವು. ಅತ್ತೆ ಮಠದ ಕಟ್ಟೆಯ ಮೇಲೆ ಕೂತು, “ಕೂಡಿಹಾಕಿ ಸಾಕಿದ್ರ ಹೆಂಗ ಆಗತಾವ ನೋಡ್ರಿ. ಅವ್ನಿಗೆ ನಾನ ಬುದ್ಧಿ ಕಲಿಸಿದೆ” ಎಂದು ಉಪದೇಶ ಮಾಡುತ್ತಿದ್ದರು. ಕೇರಿಯ ಅರ್ಧ ಮಂದಿಗೆ ಕಂಡಿಯ ಸಂಗತಿ ಗೊತ್ತಿತ್ತು. ಅತ್ತೆಗೆ ಹೇಳುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಚಾಚಾ ಗೋಡೆಯ ಮೇಲಿಂದ ತಲೆ ಬಾಗಿಸಿ, “ಸೋತೆ ಅಕ್ಕಾರ” ಎನ್ನುತ್ತಿದ್ದರು. ಅಷ್ಟು ಸುಖವಾಗಿ ಸೋತವರನ್ನು ನಾನು ಮತ್ತೆ ನೋಡಿಲ್ಲ.

ಸೊಪ್ಪಿನ ದಾರಿಯಲ್ಲಿ ಹೆಣ್ಣುಮಕ್ಕಳ ಶಾಲೆಯಿತ್ತು. ಉರ್ದು ಹೋಗಿ ಕನ್ನಡ ಬಂದ ಹೊಸದು, ಕನ್ನಡ ಬರೆಯಬಲ್ಲ ಹೆಂಗಸರು ಸಿಗುತ್ತಿರಲಿಲ್ಲ. ಸಾಲಗುಂದದ ಅಯ್ಯನವರ ಹತ್ತಿರ ನಾನು ಅಕ್ಷರ ಕಲಿತಿದ್ದೆ. ಬುಟ್ಟಿಯನ್ನು ಕಿಟಕಿಯ ಬಳಿ ಇಟ್ಟು, ಮೊದಮೊದಲು ಇಣುಕಿದೆ, ಆಮೇಲೆ ಚಿಕ್ಕವರಿಗೆ ತಿದ್ದಿಸಿದೆ, ಕೊನೆಗೆ ಅದೇ ನನ್ನ ಕೆಲಸವಾಯಿತು. ಅತ್ತೆಗೆ ಗೊತ್ತಾಗುವ ಹೊತ್ತಿಗೆ ಊರವರು ಅವರನ್ನು ಶಾಲೆಯ ಅಕ್ಕೋರ ಅತ್ತೆ ಎಂದು ಕರೆಯಲು ಶುರುಮಾಡಿದ್ದರು. ಅದು ಅವರಿಗೆ ಹಿಡಿಸಿತು.

ನಮ್ಮ ಸೀಮೆ ಹೈದರಾಬಾದು ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಜ್ವರದಲ್ಲಿ ಚಾಚಾ ಹೋದರು. ಮಣ್ಣು ಮುಗಿದ ಮರುದಿನ ಲಿಂಗಸುಗೂರಿನಿಂದ ಬಂದ ಬಂಧುಗಳು ಕೋಳಿಗಳನ್ನು ಒಯ್ಯಲು ಬುಟ್ಟಿ ತಂದರು. ಕೀಲಿಕೈ ನಮ್ಮ ಮನೆಯಲ್ಲಿತ್ತು. ಆವತ್ತು ಮೊದಲ ಸಲ ಅತ್ತೆ ಆ ಅಂಗಳಕ್ಕೆ ಕಾಲಿಟ್ಟರು. ಬೀಗ ತೆಗೆದು ಬಗ್ಗಿ ನೋಡಿದರು. ಗೂಡಿನಾಚೆ ಬಿಸಿಲು, ಗುಡ್ಡ, ಹುಲ್ಲಿನಲ್ಲಿ ಮುದುಕಿ ಬೇಗಂ. ಅತ್ತೆ ಬಗ್ಗಿದವರು ಹಾಗೇ ಇದ್ದರು. ಅವರ ಬೆನ್ನು ಅಲುಗತೊಡಗಿತು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ.

“ಈ ಜಮಾದಾರ ಲಿಂಗಸುಗೂರಾಗೂ ಹಿಂಗ ಪಹರೆ ಮಾಡಿದ್ನೇನ?” ಎಂದರು, ಮೂಗೊರೆಸಿಕೊಳ್ಳುತ್ತ.

ಉಳಿದ ಕೋಳಿಗಳನ್ನು ಬಂಧುಗಳು ಒಯ್ದರು. ಬೇಗಮ್ಮಳನ್ನು ಅತ್ತೆ ಬಿಟ್ಟುಕೊಡಲಿಲ್ಲ. “ಆಕೀನ ಒಳಗ ಹಾಕಿಸಿದಾಕಿ ನಾನು. ಆಕಿ ಕೂಳು ನನ್ನ ಮ್ಯಾಲ ಐತಿ” ಎಂದರು. ಬೀಗವನ್ನು ಮನೆಗೆ ತಂದು ತಲಬಾಗಿಲ ಹತ್ತಿರ ಒಂದು ಗಳಿಗೆ ನಿಂತರು. ಅವರು ನನ್ನನ್ನು ನೋಡಿ, ಬೀಗ ನೋಡಿ, ಸೀದಾ ಒಳಗೆ ಹೋಗಿ ಹಿಟ್ಟಿನ ಗಡಿಗೆಯ ಮುಚ್ಚಳದ ಮೇಲೆ ಅದನ್ನು ಭಾರಕ್ಕಿಟ್ಟರು.

ಮಾರನೆಯ ದಿನ ಅಂಗಳದಲ್ಲಿ ಜೋಳ ಒಣಗುತ್ತಿತ್ತು. ಕೋಲು ಹಿಡಿದು ಕಾಯುತ್ತಿದ್ದವರು ಅತ್ತೆ. ಬೇಗಂ ತಟ್ಟಿನ ನಡುವೆ ನಿಂತು ಆರಾಮವಾಗಿ ತಿನ್ನುತ್ತಿದ್ದಳು. ಅತ್ತೆ ಕೋಲನ್ನು ಎತ್ತಲಿಲ್ಲ. ಕೆಳಗೆ ಇಳಿದ ಭುಜವೊಂದು ಗೋಡೆಯಾಚೆ ಕಾಣಬಹುದೇನೋ ಎಂದು ನಾನು ಒಮ್ಮೆ ಅತ್ತ ನೋಡಿದೆ. ಇಷ್ಟು ವರ್ಷ ಶಾಲೆಯಲ್ಲಿ ಅಕ್ಷರ ಕಲಿಸಿ ಉಂಡ ಒಂದೊಂದು ತುತ್ತೂ ಚಾಚಾ ಅವರ ಋಣ.

“ಹೊತ್ತಾಗತೈತಿ, ಸಾಲಿಗೆ ಹೋಗಬೇ” ಎಂದರು ಅತ್ತೆ, ಕೋಳಿಯಿಂದ ಕಣ್ಣು ತೆಗೆಯದೆ. “ಬಾಗಲ ಹಂಗ ಬಿಡು.”