ಬಿಸಿ ಹೆಪ್ಪಿನ ಮಂಗಳಮ್ಮ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಕ್ಕಿಹೆಬ್ಬಾಳಿನ ಹೊರಗಿನ ತಗಡಿನ ಶೆಡ್ಡಿನಲ್ಲಿ ಮಂಗಳಮ್ಮ ಸೆರಗು ಸಿಕ್ಕಿಸಿಕೊಂಡು ಸ್ಟೀಲ್ ಟ್ಯಾಂಕಿನ ಮುಂದೆ ನಿಂತಿದ್ದಾರೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಬ್ಬಿನ ಪಾಕ, ಕಾಕಂಬಿಯ ಸಿಹಿ ಘಾಟು ಮೂಗಿಗೆ ಅಡರುತ್ತದೆ. ಮೀಟರು ನೋಡಿ, ಆವಿಯ ವಾಲ್ವನ್ನು ಚೂರು ತಿರುಗಿಸಿ, ಮತ್ತೆ ಮೀಟರು ನೋಡುತ್ತಾರೆ. ಅವರ ಕೆಲಸ ನೋಡಲೆಂದು ಬಂದು ಪಕ್ಕದಲ್ಲಿ ನಿಂತ ನನಗೆ ಬೆವರು ಕಿತ್ತುಕೊಂಡು ಬರುತ್ತಿದೆ, ಅವರಿಗೆ ಇದು ಮನೆಯ ಒಲೆಯಷ್ಟೇ ಸಲೀಸು.

"ಒಳಗಿರೋವುಕ್ಕೆ ಬಿಸಿ ಕಮ್ಮಿಯಾಗ್ಬಾರ್ದು ಕಣಣ್ಣ. ತಣ್ಣಗಾದ್ರೆ ಮುನಿಸ್ಕತವೆ."

ಒಳಗಿರುವುದು ಬ್ಯಾಕ್ಟೀರಿಯಾ. ನಾವು ಕೈ ಅದ್ದಿದರೆ ಚುರುಕ್ಕೆನ್ನುವ ಬಿಸಿಯಲ್ಲಿ ಇವು ಸುಖವಾಗಿ ಬೆಳೆಯುತ್ತವೆ. ಕಾಕಂಬಿ ತಿಂದು, ಮಿಕ್ಕಿದ್ದನ್ನು ಮೈಯೊಳಗೆ ಕೊಬ್ಬಿನಂತೆ ಕೂಡಿಟ್ಟುಕೊಳ್ಳುತ್ತವೆ. ಆ ಕೊಬ್ಬೇ ಪ್ಲಾಸ್ಟಿಕ್ಕು. ಅದನ್ನು ಬೇರ್ಪಡಿಸಿ ಒಣಗಿಸಿದರೆ ಬಿಳಿ ಪುಡಿ, ಆ ಪುಡಿಯಿಂದ ನರ್ಸರಿಯ ಸಸಿ ಕವರು. ಮಣ್ಣಿಗೆ ಸೇರಿದ ಮೇಲೆ ಅದು ಕರಗಿಹೋಗಬೇಕು.

ಹಸು ಸಾಕಿ ಡೇರಿಗೆ ಹಾಲು ಹಾಕುತ್ತಿದ್ದ ಮಂಗಳಮ್ಮ ಇಲ್ಲಿಗೆ ಬಂದದ್ದು ಕಸ ಗುಡಿಸಲು. ಘಟಕ ನಡೆಸುವ ಸ್ನೇಹ, ಮಂಗಳಮ್ಮನ ಶಿಸ್ತು ಕಂಡು ಟ್ಯಾಂಕು ಒಪ್ಪಿಸಿದರು. ಮೊದಲ ವಾರವೇ ಎಡವಟ್ಟಾಯಿತು.

"ಬಿಸಿ ಆಲಿಗೆ ಹೆಪ್ಪಾಕುದ್ರೆ ಹೆಪ್ಪು ಸತ್ತೋಯ್ತದೆ ಅಂತ ನಮ್ಗೊತ್ತಲ್ವಾ. ಇವೂ ಬೆಂದೋಯ್ತವೆ, ಪಾಪ ಅನ್ನುಸ್ತು. ಉಗುರು ಬೆಚ್ಚಗೆ ಮಾಡ್ಬುಟ್ಟೆ."

ಟ್ಯಾಂಕು ತಣಿದದ್ದೇ ತಡ, ಬೇಡದ ಜೀವಾಣುಗಳೆಲ್ಲ ನುಗ್ಗಿ ಇಡೀ ಟ್ಯಾಂಕು ಹುಳಿಯಾಗಿ ನಾರಿತು. "ತಪ್ಪು ನನ್ನದೂ ಇತ್ತು. ಬಿಸಿಯಾಗಿಡಿ ಅಂದಿದ್ದೆ, ಯಾಕೆ ಅಂತ ಹೇಳಿರಲಿಲ್ಲ," ಎನ್ನುತ್ತಾರೆ ಸ್ನೇಹ. ಅಂದಿನಿಂದ ಮಂಗಳಮ್ಮ ಟ್ಯಾಂಕು ಬಿಟ್ಟು ಊಟಕ್ಕೂ ದೂರ ಹೋಗುವುದಿಲ್ಲ.

ಅವರಿಗೆ ಅದಕ್ಕಿಂತ ಕಷ್ಟವಾದದ್ದು ಅತ್ತೆ ಬೆಟ್ಟಮ್ಮನ ಬಾಯಿ. ಗದ್ದೆ ಬದುವಿನ ಕವರುಗಳನ್ನು ಹೆಕ್ಕಿ ಹೆಕ್ಕಿ ಸಾಕಾಗಿದ್ದ ಮುದುಕಿಗೆ ಸೊಸೆಯೂ ಅಂಥ ಕವರನ್ನೇ ತಯಾರಿಸುತ್ತಿದ್ದಾಳೆಂಬ ಸಿಟ್ಟು. "ಪ್ಲಾಸ್ಟಿಕ್ಕು ಎಲ್ಲಾರಾ ಕರಗ್ತದೇನಮ್ಮೀ?" ಮಾತಿಗೆ ಮಾತು ಬೆಳೆದು ಮಂಗಳಮ್ಮ ಹೋದ ಮಳೆಗಾಲ ಹಿತ್ತಲಲ್ಲಿ ಘಟಕದ ಕವರಿನ ಸಮೇತ ಕರಿಬೇವಿನ ಸಸಿ ನೆಟ್ಟರು. ವರ್ಷ ಬಿಟ್ಟು ಅಗೆದಾಗ ಕವರು ಸಿಕ್ಕರೆ ಕೆಲಸ ಬಿಡುವುದಾಗಿ ಮಾತು ಕೊಟ್ಟರು.

ಅಗೆಯುವುದು ಇವತ್ತೇ. ಪಾಳಿ ಮುಗಿಸಿ ಮನೆಗೆ ಬರುವಷ್ಟರಲ್ಲಿ ಅತ್ತೆ ಗುದ್ದಲಿ ಹಿಡಿದು ಕೂತಿದ್ದಾರೆ. ದಾರಿಯುದ್ದಕ್ಕೂ ಹರಟುತ್ತಿದ್ದ ಮಂಗಳಮ್ಮ ನೇರ ಹಿತ್ತಲಿಗೆ ಹೋಗಿ ಗಿಡದ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಾರೆ. ಬೆಟ್ಟಮ್ಮ ಗಿಡದ ಬುಡ ಬಿಡಿಸಿ, ಮಣ್ಣನ್ನು ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ಬೆರಳಲ್ಲಿ ಜಾಲಾಡುತ್ತಾರೆ. ಬೇರು, ಎರೆಹುಳ, ಮತ್ತೆ ಬೇರು.

"ಏನೂ ಇಲ್ಲ ಕಣಮ್ಮಿ," ಎಂದು ಕೈ ಕೊಡವಿ ಏಳುತ್ತಾರೆ. "ನಾಳಿಕ್ಕೆ ಬಿರ್ನೆ ಓಗು. ಆಲು ನಾನು ಕರ್ಕತೀನಿ."

ಮಂಗಳಮ್ಮ ಬುಡಕ್ಕೆ ಮಣ್ಣು ಎಳೆದು, ಅಂಗೈಯಲ್ಲಿ ಅದುಮಿ, ನನ್ನತ್ತ ತಿರುಗುತ್ತಾರೆ. ಮುಖದ ತುಂಬ ನಗು.

"ಎಲ್ರೂ ಮಾಡಿದ್ದು ಉಳೀಲಿ ಅಂತಾರೆ. ನಂದು ಒಂಚೂರೂ ಉಳೀನಿಲ್ಲ, ನೋಡಣ್ಣ."